ಗಾಡಿ ಎಷ್ಟು ಲೇಟು

ಅರಸೀಕೆರೆಯ ಬುಕಿಂಗ್ ಕ್ಲರ್ಕು ಹುಚ್ಚೀರಯ್ಯ
ಅವಧಿ ಮುಗಿದ ಟಿಕೀಟುಗಳ ಬೆನ್ನಿಗೆ ಬರೆದ ನಾಟಕ.
ರಟ್ಟಿನ ಸಣ್ಣ ಟಿಕೀಟು, ಒಂದಕ್ಕೆ ಒಂದೇ ಮಾತು ಹಿಡಿಸುತ್ತಿತ್ತು.
ಅದಕ್ಕೇ ಇರಬೇಕು, ಅದರಲ್ಲಿ ಯಾರೂ ಉದ್ದ ಮಾತಾಡುವುದಿಲ್ಲ.
ಹಾಡು ಮಾತ್ರ ಉದ್ದ. ಹಾಡನ್ನವನು ಬರೆಯಲೇ ಇಲ್ಲ,
ಕಾಲು ಹಾರ್ಮೋನಿಯಂ ತುಳಿಯುತ್ತ ಬಾಯಲ್ಲೇ ಕಲಿಸಿದ.

ಚಂದ್ರನ ಮೇಲೊಂದು ಸ್ಟೇಷನ್ನು, ಅಲ್ಲೊಬ್ಬ ಮಾಸ್ತರ,
ಬಾರದ ಗಾಡಿಗೆ ದಿನಾ ಹಸಿರು ದೀಪ ತೋರಿಸುವವ.
ಬೆಂಚಿನ ಮೇಲೆ ಒಬ್ಬಳು, ಕಾಯುತ್ತ ಕಾಯುತ್ತ
ಮೂರನೇ ಅಂಕಕ್ಕೆ ಮುದುಕಿಯಾಗುವವಳು. ಇಷ್ಟೇ ಕಥೆ.

ಮೊದಲ ಪ್ರಯೋಗಕ್ಕೆ ಹನ್ನೊಂದು ಜನ,
ಅದರಲ್ಲಿ ನಾಲ್ವರು ಕುರ್ಚಿ ಬಾಡಿಗೆಯವರು.
ಎರಡನೆಯದಕ್ಕೆ ಅವರೂ ಇಲ್ಲ.
ಮೂರನೆಯದು ನಿಂತೇಹೋಗಬೇಕು, ಅಷ್ಟರಲ್ಲಿ
ಬಾಣಾವರದ ಹತ್ತಿರ ಗೂಡ್ಸು ಹಳಿ ತಪ್ಪಿತು.
ಪ್ಲಾಟ್‌ಫಾರಮ್ಮಿನ ಚಳಿಯಿಂದೆದ್ದು ಮುನ್ನೂರು ಜನ
ರೈಲ್ವೆ ಇನ್‌ಸ್ಟಿಟ್ಯೂಟಿನ ಹಾಲಿಗೆ ಬಂದರು,
ಕೂಸು, ಕೋಳಿ, ಹಾಸಿಗೆ ಸುರುಳಿ ಸಮೇತ.
ಮಾಸ್ತರ ಕೇಳಿದ: ಗಾಡಿ ಎಷ್ಟು ಲೇಟು?
ಹಿಂದಿನ ಸಾಲಿಂದ ಯಾವನೋ ಒಬ್ಬ
(ಯಾರೆಂದು ಇವತ್ತಿಗೂ ಗೊತ್ತಿಲ್ಲ)
'ಒಂದು ಜನ್ಮ!' ಅಂದ.

ಆಮೇಲೆ ಅದು ಬರೀ ನಾಟಕವಾಗಿ ಉಳಿಯಲಿಲ್ಲ.
ಪ್ರತಿ ತಿಂಗಳ ಕೊನೇ ಶನಿವಾರ, ರಾತ್ರಿ ಹನ್ನೊಂದರ ಗಾಡಿ ಹೋದ ಮೇಲೆ,
ಕಡೂರಿಂದ, ತಿಪಟೂರಿಂದ, ಹಾಸನದಿಂದ ಲಾರಿ ಹತ್ತಿ ಬರುವವರು,
ಟಾರ್ಚಿನ ಬಾಯಿಗೆ ಹಸಿರು ಕಾಗದ, ಕೊರಳಿಗೆ ಗಾರ್ಡಿನ ಸೀಟಿ.
ಚನ್ನವೀರಮ್ಮನ ತಲೆಗೆ ಮೈದಾ ಉದುರಿ ಮುದುಕಿಯಾಗುವ ಹೊತ್ತಿಗೆ
ಇಡೀ ಹಾಲು ತನ್ನ ತಲೆಗೂ ಸುರಿದುಕೊಂಡು ಮುದಿಯಾಗುತ್ತಿತ್ತು.
ಭಾನುವಾರ ಬೆಳಿಗ್ಗೆ ಸಂತೆಯಲ್ಲಿ
ಕಿವಿಯ ಹಿಂದೆ ಬಿಳಿ ಕಂಡರೆ ಸಾಕು, ನಮ್ಮವನೇ ಅಂತ
ತೂಕಕ್ಕೆ ಒಂದು ಬದನೆಕಾಯಿ ಜಾಸ್ತಿ.

ನಾನು ಪ್ರಾಂಪ್ಟರು. ಎಡಗಡೆ ಪರದೆಯ ಮರೆ, ಸ್ಟೂಲು, ಟಿಕೀಟಿನ ಕಟ್ಟು.
ಬಲಗಡೆ ದಸ್ತಗೀರ್ ಸಾಬ್, ಉಪ್ಪುನೀರಿನ ಮಡಕೆಗೆ ತಂತಿ ಇಳಿಸಿ
ಬೆಳದಿಂಗಳನ್ನು ಮೆಲ್ಲಗೆ ಕರಗಿಸುವವರು.
ಕಿವಿ ಪೂರಾ ಕೇಳದು. ತುಟಿ ನೋಡಿ ಬೆಳಕು ಬಿಡುತ್ತಿದ್ದರು.

ಹುಚ್ಚೀರಯ್ಯ ಸತ್ತ. ಮೀಟರ್‌ಗೇಜು ಕಿತ್ತರು. ಹಾಲಿಗೆ ಬೀಗ.
ಹೋದ ವರ್ಷ ಇಂಪನ ಅನ್ನುವ ಹುಡುಗಿ ಮೂರು ಕ್ಯಾಮೆರಾ ತಂದಳು.
ಹೊಸ ಮಾಸ್ತರ, ಹೊಸ ಬೆಂಚು; ಹಾಡನ್ನೆಲ್ಲ ಚನ್ನವೀರಮ್ಮನ ಬಾಯಿಂದ
ಒಂದೊಂದೇ ಬಿಡಿಸಿಕೊಂಡಳು, ಹಲಸಿನ ತೊಳೆ ಬಿಡಿಸಿದ ಹಾಗೆ.
ಎಲ್ಲ ಸರಿ. ಬಾಗಿಲಿಗೊಂದು ಬೋರ್ಡು:
ಚಿತ್ರೀಕರಣ ನಡೆದಿದೆ, ಸದ್ದು ಮಾಡಬೇಡಿ.

ಹಳೇ ಮಂದಿ ಪಾಪ, ಮೈದಾ ಪೊಟ್ಟಣ ಹೊರಗಿಟ್ಟು ಕೂತರು.
ಗಾಡಿ ಎಷ್ಟು ಲೇಟು? ಹುಡುಗ ಕೇಳಿದ.
ಇನ್ನೂರು ಜನ ತುಟಿ ಕಚ್ಚಿ ಹಿಡಿದ ಸದ್ದು,
ಅದಕ್ಕೆ ಸದ್ದು ಅನ್ನಬಹುದಾದರೆ.
ಕಟ್ ಆಗಲಿಲ್ಲ. ಕ್ಯಾಮೆರಾದ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು.

ಆಗ ಬಲಗಡೆಯಿಂದ, ಬೋರ್ಡು ಓದದ, ಯಾರು ಹೇಳಿದರೂ ಕೇಳದ,
ಹುಡುಗನ ತುಟಿಯನ್ನಷ್ಟೇ ನೋಡುತ್ತಿದ್ದ ದಸ್ತಗೀರ್ ಸಾಬ್
'ಒಂದು ಜನ್ಮ!' ಅಂತ ಕೂಗಿದರು.
ಒಬ್ಬರೇ. ಎಂಬತ್ತೊಂದರ ಒಡಕು ದನಿ.
ಹುಡುಗ ನಕ್ಕುಬಿಟ್ಟ. ಹಾಲಿಗೆ ಹಾಲೇ ಒಡೆಯಿತು.
ಇಂಪನ ಹಣೆಗೆ ಕೈ ಇಟ್ಟಿದ್ದಳು, ಆದರೆ ಅದನ್ನೇ ಉಳಿಸಿಕೊಂಡಳು.

ಸಿನಿಮಾ ಅದೇ ಹಾಲಿನಲ್ಲಿ ತೋರಿಸಿದರು. ಮೈದಾ ಎಷ್ಟು ಬಿದ್ದಿತೆಂದರೆ
ಪರದೆ ಮೇಲಿನ ಚಂದ್ರ ಯಾವುದು, ಹೊಗೆ ಯಾವುದು ತಿಳಿಯಲಿಲ್ಲ.
ನನ್ನ ದನಿ ಮಾತ್ರ ಎಲ್ಲೂ ಇಲ್ಲ.
ಪಿಸುಮಾತೆಲ್ಲ ಯಂತ್ರ ಹಾಕಿ ತೊಳೆದರಂತೆ.
ಯಾರಿಗೂ ಕೇಳಬಾರದೆಂದೇ ಜೀವಮಾನ ಪಿಸುಗುಟ್ಟಿದವನು,
ಕೇಳಿಸದ್ದಕ್ಕೆ ಯಾಕೆ ಬೇಜಾರು ಮಾಡಿಕೊಳ್ಳಲಿ?

ಮಾಡಿಕೊಂಡೆ, ಸ್ವಲ್ಪ.
ಆಮೇಲೆ ಕತ್ತಲಲ್ಲಿ ಪಕ್ಕದ ಕುರ್ಚಿಯ ಚನ್ನವೀರಮ್ಮ
ತೆರೆಯ ಮೇಲಿನ ಹುಡುಗಿ ಒಂದು ಮಾತು ಬಿಟ್ಟಳೆಂದು
ರೂಢಿ ಪ್ರಕಾರ ನನ್ನ ಕಡೆ ತಿರುಗಿದಳು.
ಹೇಳಿಕೊಟ್ಟೆ.