ಅಮಾಸಿ ಮರಿ

ಬಾ ತಂಗಿ, ಈ ಕಪಾಟಿನ ಕೀಲಿ ಬಿಗಿ,
ಎಡಕ್ಕ ತಿರುವಿ ಸ್ವಲ್ಪ ಎತ್ತಬೇಕು. ನಾಳಿಯಿಂದ ನಿಂದು.
ಕಪ್ಪಿ ಮೂರು, ಹಾವು ನಾಕು, ಸತ್ತು ಹುಟ್ಟಿದ ಆಡಿನ ಮರಿ ಒಂದು.
ಇವಕ್ಕೆಲ್ಲಾ ತಿಂಗಳಿಗೊಮ್ಮೆ ಧೂಳ ಒರಸಿದ್ರ ಆತು.
ಇದನ್ನ ಮಾತ್ರ ಎರಡೂ ಕೈಲೆ ಹಿಡಿ.

ನಮ್ಮ ಹೊಳಿದಲ್ಲ ಇದು.
ಘಟಪ್ರಭಾದಾಗ ನಲವತ್ತು ವರ್ಷ ಬಲಿ ಬೀಸಿದ ನಮ್ಮಪ್ಪನ್ನ
ಒಂದ್ಸಲ ಕರಕೊಂಡು ಬಂದು ತೋರಿಸಿದೆ.
ಬಾಟಲಿ ತಿರುವಿ ತಿರುವಿ ನೋಡಿ ಅಂದ:
"ದವಡಿ ಇಲ್ಲ, ಎಲುಬಿಲ್ಲ, ಮೈಮ್ಯಾಲೆ ಹುರುಪಿ ಇಲ್ಲ,
ಇದನ್ನ ಮೀನ ಅಂತ ಯಾವ ಅಂಬಿಗ ಅಂದಾನು?"
ಆಮ್ಯಾಲೆ ಕುತ್ತಿಗಿ ಬಾಜೂಕ ಬೆರಳಿಟ್ಟು ಎಣಿಸಿದ.
ಏಳು ತೂತು. ಆ ಕಡೆನೂ ಏಳು.
"ಕೊಳಲು ಮಾಡಾಕ ಹೋಗಿ ದೇವ್ರು ಮರತಾನ."

ಬಾಯಿ ನೋಡು.
ಗುಂಡಗ, ಸುತ್ತಲೂ ಹಲ್ಲು, ಬದನಿ ಮುಳ್ಳಿನಂಗ.
ಗಾಜಿಗೆ ಒಳಗಿಂದ ಅಂಟಿಕೊಂಡಂಗ ಕಾಣತೈತಿ,
ಅಂಟಿಲ್ಲ. ಹೊರಗಿಂದ ನಾವ ಹತ್ರ ಬಂದೇವಿ, ಅಷ್ಟ.

ಬಿಳೇಕುದರಿ ಮೇಡಂ ಇಪ್ಪತ್ತೊಂಬತ್ತು ವರ್ಷ
ಜೂನ್ ತಿಂಗಳಾಗ ಇದ ಪಾಠ ಮಾಡಿದ್ರು,
ನಾ ಬಾಗಿಲದಾಗ ಸ್ಟೂಲಿನ ಮ್ಯಾಲೆ.
ಮರಿಗೆ ಅವರು ಅಮ್ಮೊಸೀಟ್ ಅಂದ್ರ
ನನ್ನ ಕಿವಿಗೆ ಅಮಾಸಿ.
ಖರೇ ಹೆಸರು ತಿಳಿದ ಮ್ಯಾಲೂ ನಾ ಬದಲಿಸಲಿಲ್ಲ,
ಯಾಕಂದ್ರ ಅದಕ್ಕ ಕಣ್ಣಿನ ಮ್ಯಾಲೆ ತೊಗಲ,
ಹಲ್ಲ ಇನ್ನೂ ಮೂಡಿಲ್ಲ,
ಹೊಳಿ ತಳದ ರಾಡಿಯಾಗ ಹುಗದು ಕುಂತು
ನೀರು ತಂದಿದ್ದನ್ನ ಸೋಸಿ ಉಣ್ಣತೈತಿ,
ಪಾಚಿ, ಹುಡಿ, ಕೊಳತ ಎಲಿ.
ನಾಕು ವರ್ಷ, ಆರು ವರ್ಷ.
ಯಾರ ತಂಟಿಗೂ ಇಲ್ಲ.

ಆಮ್ಯಾಲೆ ಒಂದಿನ ಊಟ ಬಿಡತೈತಿ.
ಕಣ್ಣು ಏಳತಾವ. ಸಪ್ಪನ ತುಟಿ ಹೋಗಿ ಈ ಬಾಯಿ.
ನಾಲಿಗಿಗೂ ಹಲ್ಲು.
ಹಾದು ಹೋಗೂ ದೊಡ್ಡ ಮೀನಿನ ಪಕ್ಕಿಗೆ ಕಚ್ಚಿದ್ರ
ಮೀನ ಎಲ್ಲಿಗೆ ಹೊಂಟೈತೋ ಇದೂ ಅಲ್ಲಿಗೆ.
ಉಗುಳಿನಾಗ ಔಷಧಿ ಐತೆಂತ, ರಕ್ತ ಹೆಪ್ಪುಗಟ್ಟಗೊಡಂಗಿಲ್ಲ.
ಬಾಯಿ ಅಂಟಿದ್ರೂ ಉಸಿರು ಕಟ್ಟಂಗಿಲ್ಲ,
ಕಿಂಡಿಲೇ ನೀರು ಒಳಗ, ಕಿಂಡಿಲೇ ಹೊರಗ.

ಇಷ್ಟಕ್ಕ ಬಂದ್ರ ಹಿಂದಿನ ಬೆಂಚ್ ನಗತಿತ್ತು:
"ಬಡ್ಡಿ ನೀಲವ್ವ!"
ಮೇಡಮ್ಮಾರೂ ನಕ್ಕಾರ ಒಮ್ಮೊಮ್ಮೆ.
ಹಳೇ ಬಾಗಲಕೋಟಿಯಾಗ ಆಕಿಗೆ ಕೊಡಬೇಕಿಲ್ಲದ ಮನಿ ಇರಲಿಲ್ಲ.
ನಾನೂ ಮೂರು ಸಾವಿರ ತಂದು ಏಳು ಕೊಟ್ಟಾಂವ.

ಪಾಠದ ಕಡೀ ತುಂಡು ಗಂಟಿ ಹೊಡಿಯೂ ಹೊತ್ತಿಗೆ ಬರತಿತ್ತು.
ಪುಸ್ತಕ ಮುಚ್ಚೂ ಸಪ್ಪಳದಾಗ ಕೇಳಿದಾಂವ ನಾ ಒಬ್ಬನ.
ರಕ್ತ ಸಾಕಾಗಿ ಒಂದಿನ ಬಿಡತೈತಿ.
ಹೊಟ್ಟಿಯಾಗಿನ ಕರಳು ನೂಲಿನಂಗ ಒಣಗತೈತಿ.
ಹೊಳಿ ಎದುರ ಈಸಿ, ತೆಳ್ಳನ ನೀರಿಗೆ ಬಂದು
ಅದ ಬಾಯಿಲೇ
ಕಲ್ಲು ಕಚ್ಚಿ ಎತ್ತತೈತಿ. ಒಂದು. ಇನ್ನೊಂದು.
ಸರಿಸಿ ಸರಿಸಿ ಒಂದು ಕುಣಿ ಮಾಡತೈತಿ.
ಅಲ್ಲೆ ತತ್ತಿ.
ಮರಿ ಹೊರಬರೂ ಹೊತ್ತಿಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಹಿನ್ನೀರು ಕಿಲ್ಲಾ ಓಣಿಗೆ ಬಂದ ವರ್ಷ
ಈ ಬಾಟಲಿ ನಾನ ಟ್ರ್ಯಾಕ್ಟರಿನ್ಯಾಗ ತೊಡಿಮ್ಯಾಲೆ ಇಟ್ಟುಕೊಂಡು
ನವನಗರಕ್ಕ ತಂದೆ.
ದಾರಿಯಾಗ ನೀಲವ್ವ ಕಂಡಳು,
ತನ್ನ ಮನಿ ಗ್ವಾಡಿ ಬಿಚ್ಚಿದ ಕಲ್ಲು ಸೆರಗಿನಾಗ ಕಟ್ಟಿ
ತಾನ ನಡಕೊಂತ ಹೊಂಟಿದ್ಲು.
"ಬಂಡಿಗೆ ರೊಕ್ಕ ಇಲ್ಲೇನವ್ವಾ?" ಅಂದೆ.
"ಮೊಮ್ಮಗಳ ಬಾಣಂತನದ ಖೋಲಿ," ಅಂದ್ಲು,
ಕೇಳಿದ್ದು ಅದಲ್ಲ.
ಗಂಜಿ ಸುದ್ದಾ ಇಳೀತಿದ್ದಿಲ್ಲಂತ ಆಕಿಗೆ ಆಗ.
ಖೋಲಿಗೆ ಇನ್ನೂ ಚತ್ತ ಬಿದ್ದಿದ್ದಿಲ್ಲ, ಹೋದ್ಲು.
ನನ್ನ ಚೀಟಿ ಮಾತ್ರ ಹರದಿದ್ದಿಲ್ಲ. ಮಗ ವಸೂಲಿಗೆ ಬಂದ.

ಇರಲಿ.
ಫಾರ್ಮಲಿನ್ ಇಲ್ಲೀಮಟ ಇರಬೇಕು, ಈ ಗೆರಿ ಕಾಣತೈತಲ್ಲ.
ಕಡಿಮಿ ಆದ್ರ ಬಾಯಿ ಮದಲ ಒಣಗತೈತಿ.
ಕೈಗೆ ಕೈಚೀಲ ಹಾಕ್ಕೊ, ಮೂಗಿಗೆ ಸೆರಗು.
ಯಾರರ ಕೇಳಿದ್ರ ಇದು ರಕ್ತ ಹೀರೂ ಮೀನ ಅನ್ನು,
ಚೀಟಿಮ್ಯಾಲೆ ಅಷ್ಟ ಬರದೈತಿ.
ಹೊತ್ತಿದ್ರ
ಕಲ್ಲಿನ ಸುದ್ದಿ ಹೇಳು.