ವಾಯಿದೆ

ಮೊದಲ ಕಲ್ಲು ಯಾರದೆಂದು ಈಗ ಇಬ್ಬರಿಗೂ ನೆನಪಿಲ್ಲ.
ಶಾಲೆಯ ಗೇಟಿನಿಂದ ಅಳೆದು ಎಳೆದ ಸುಣ್ಣದ ಗೆರೆ,
ಅದರಾಚೆ ಎರಡು ಮೇಜು.
ಒಂದರಲ್ಲಿ ನಾನು, ಇನ್ನೊಂದರಲ್ಲಿ ಪಿಳ್ಳಾಂಜಿನಪ್ಪ,
ಇಬ್ಬರೆದುರೂ ಅದೇ ಮತದಾರರ ಪಟ್ಟಿ,
ಅದೇ ಸತ್ತವರ ಮೇಲೆ ಅದೇ ಕೆಂಪು ಗೀಟು.

ಮಧ್ಯಾಹ್ನ ಮೂರಕ್ಕೆ ಅಕ್ಕಯ್ಯಮ್ಮ ಬಂದಳು.
ಎರಡೂ ಕಣ್ಣಿಗೆ ಪೊರೆ.
ಗುಂಡಿ ಒತ್ತಿಸಲು ಜೊತೆಗೆ ಹೋಗುವವರು ಯಾರು?
ನಾನು ಬಲಗೈ ಹಿಡಿದೆ, ಅವನು ಎಡಗೈ.
‘ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿಯೋಕೆ
ನಾನೇನು ಚಂದ್ರಂಕೀನೇನ್ರೋ?’ ಅಂದಳು.
ಮಿಕ್ಕಿದ್ದನ್ನು ತೆಲುಗಿನಲ್ಲಿ ಬೈದಳು.

ಆಮೇಲೆ ಕಲ್ಲು.
ನನ್ನ ಹುಬ್ಬಿಗೆ ಏಳು ಹೊಲಿಗೆ,
ಅವನದು ಮುಂದಿನ ಒಂದು ಹಲ್ಲು.
ಶಿಡ್ಲಘಟ್ಟದ ಆಸ್ಪತ್ರೆಗೆ ಇಬ್ಬರಿಗೂ ಸೇರಿ ಒಂದೇ ಆಂಬುಲೆನ್ಸು.
ದಾರಿಯುದ್ದಕ್ಕೂ ನಾನು ಅವನ ನಾಯಕರ ವಂಶವನ್ನು
ಅವನು ನನ್ನ ನಾಯಕರ ವಂಶವನ್ನು
ಬುಡಸಮೇತ ಎತ್ತಿ ಆಡಿಕೊಂಡು ಹೋದೆವು.

ಎಣಿಕೆಯ ದಿನ ಟೀವಿಯಲ್ಲಿ ಅಂಕಿಗಳು ಏರಿದವು, ಇಳಿದವು,
ಊಟದ ಹೊತ್ತಿಗೆ ಯಾರ ಕೈಗೂ ಎಟುಕದ ಕಡೆ ನಿಂತವು.
ಗೂಡಿನ ಮಾರುಕಟ್ಟೆಯಲ್ಲಿ ನಾನು ಕಂಡಿದ್ದೇನೆ:
ಜಾಸ್ತಿ ಕೂಗಿದವನು ಬೀಡಿ ಹಚ್ಚಿಕೊಂಡು ನಿಂತಿರುತ್ತಾನೆ,
ಕೂಗದೇ ಇದ್ದ ಇಬ್ಬರು ಮೂಲೆಯಲ್ಲಿ
ಟವೆಲಿನಡಿ ಬೆರಳು ಹಿಡಿದು ಮಾತು ಮುಗಿಸಿರುತ್ತಾರೆ.

ನಾವು ಗೆಲ್ಲಿಸಿದವರು ಪರದೆ ಎಳೆದ ಬಸ್ಸಿನಲ್ಲಿ ಹೋದರು.
ಯಾವ ರೆಸಾರ್ಟೆಂದು ಅವರ ಮನೆಯವರಿಗೂ ತಿಳಿಯದು.
ಪಿಳ್ಳಾಂಜಿನಪ್ಪನ ಸೋತ ಅಭ್ಯರ್ಥಿಗೆ ಒಂದು ನಿಗಮ ಸಿಕ್ಕಿತು,
ಕೆಂಪು ದೀಪ ಇಲ್ಲವೆಂದು ಒಂದು ವಾರ ಮುನಿಸಿಕೊಂಡಿದ್ದರಂತೆ.
ಪೇಪರಿನ ಮುಖಪುಟದಲ್ಲಿ ಇಬ್ಬರು ನಾಯಕರು
ಕೈಗೆ ಕೈ ಕೋಸಿ ಮೇಲೆತ್ತಿದ್ದರು.
ನನ್ನ ಹೆಂಡತಿ ಅದನ್ನು ತಟ್ಟೆಗೆ ಹಾಸಿ
ಎರಡನೇ ಜ್ವರ ಎದ್ದ ಹುಳ ಬಿಟ್ಟಳು.
ಸಂಜೆಗೆ ಎರಡೂ ಮುಖದ ಮೇಲೆ ಸಮಪಾಲು ಹಿಕ್ಕೆ.

ಸರ್ಕಾರ ಒಂದಾಯಿತು. ಕೇಸು ಎರಡೇ ಉಳಿದವು:
ನಾನು ಕೊಟ್ಟದ್ದೊಂದು, ಅವನು ಕೊಟ್ಟದ್ದೊಂದು.
ಶಾಸಕರ ಬಳಿ ಹೋದೆ. ‘ಖಾತೆ ಹಂಚಿಕೆ ಮುಗೀಲಿ’ ಅಂದರು.
ಮತ್ತೆ ಹೋದೆ. ‘ಕಾನೂನು ಅದರ ಪಾಡಿಗೆ ಅದು’ ಅಂದರು.
ಅವನಿಗೂ ಅವನ ಕಡೆಯವರು ಇದನ್ನೇ ಅಂದರಂತೆ,
ಅಕ್ಷರ ವ್ಯತ್ಯಾಸವಿಲ್ಲ.

ಮೂರನೇ ವಾಯಿದೆಗೆ ನನಗೆ ಬಸ್ಸು ತಪ್ಪಿತು.
ಅವನು ಬೈಕು ನಿಲ್ಲಿಸಿದ. ಮುಖ ನೋಡದೆ ‘ಹತ್ತು’ ಅಂದ.
ಅಲ್ಲಿಂದ ಒಂದು ತಿಂಗಳು ಅವನ ಪೆಟ್ರೋಲು, ಒಂದು ತಿಂಗಳು ನನ್ನದು.
ಬಿದ್ದ ಹಲ್ಲಿನ ಸಂದಿಯಲ್ಲಿ ಗಾಳಿ ನುಗ್ಗಿ
ಸಮ್ಮಿಶ್ರ ಸರ್ಕಾರ ಅಂದಾಗಲೆಲ್ಲ ಅವನಿಗೆ ಎರಡೆರಡು ಸಲ ಸೀಟಿ.
ನಾನು ಬೇಕೆಂತಲೇ ಆ ಮಾತು ಎತ್ತುತ್ತಿದ್ದೆ.

ಕೋರ್ಟಿನ ಕ್ಯಾಂಟೀನಿನಲ್ಲಿ, ಉದ್ದಿನ ವಡೆ ತಿನ್ನುವಾಗ,
ಯಾರದೋ ಮೊಬೈಲಿನಲ್ಲಿ ಸರ್ಕಾರ ಬಿತ್ತು.
ಪಕ್ಕದ ಮೇಜಿನಲ್ಲಿ ನನ್ನ ವಕೀಲರು, ಅವನ ವಕೀಲರು
ಒಂದೇ ಲೋಟದಿಂದ ಅರ್ಧರ್ಧ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.
ಹೋದ ಸರ್ಕಾರಕ್ಕೆ ನಾನೂ ಅತ್ತಿಲ್ಲ, ಅವನೂ ಅತ್ತಿಲ್ಲ.
ನಮಗೆ ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಹಾಕಿದ್ದರು.

ಅಕ್ಕಯ್ಯಮ್ಮ ಎರಡೂ ಕೇಸಿಗೆ ಸಾಕ್ಷಿ.
ಕಟಕಟೆಯ ಕಂಬಿ ತಡವಿ ಹಿಡಿದಳು.
ಯಾರು ಎಳೆದದ್ದು?
‘ಇಬ್ರೂ ಎಳೆದ್ರು ಸ್ವಾಮಿ.’
ಕಲ್ಲು ಯಾರು ಹೊಡೆದದ್ದು?
‘ನನಗೆ ಕಾಣ್ದು. ಕಲ್ಲು ಬಿದ್ದಾಗ ಇಬ್ರೂ ಕೈ ಬಿಟ್ರು.
ಗೋಡೆ ಹಿಡ್ಕೊಂಡು ಒಳಗೋದೆ.
ಆಫೀಸರಮ್ಮ ಗುಂಡಿ ಮೇಲಿನ ಚುಕ್ಕಿ ಮುಟ್ಟಿಸಿ ಹೇಳಿಕೊಟ್ಟಳು.
ವೋಟು ನಾನೇ ಹಾಕ್ದೆ.’
ಸಾಹೇಬರು ಬರೆಯುವುದನ್ನು ಒಂದು ಗಳಿಗೆ ನಿಲ್ಲಿಸಿದರು.

ಬರುವಾಗ ಬಸ್ಸಿರಲಿಲ್ಲ, ಮೂವರೂ ಒಂದೇ ಬೈಕು.
ನಡುವೆ ಅವಳು, ಚೀಲದಲ್ಲಿ ಅರ್ಧ ಕೇಜಿ ಖಾರಾ.
ಮಳ್ಳೂರು ದಾಟಿದ ಮೇಲೆ ಪಿಳ್ಳಾಂಜಿನಪ್ಪ ತಡೆಯಲಾರದೆ
ಕತ್ತು ತಿರುಗಿಸಿ ಕೂಗಿದ:
‘ಅಜ್ಜೀ, ಆವತ್ತು ಯಾರಿಗೆ ಹಾಕ್ದೆ?’

‘ಸೊಪ್ಪು ಕೊಯ್ದಿರೋ ವಾಸನೆ’ ಅಂದಳು.
‘ಊರು ಬಂತೇನ್ರೋ?’