ತೊಂಬತ್ತು ದಿನ

ಅರ್ಜಿಯಲ್ಲಿ ಹದಿನಾಲ್ಕು ಪ್ರಶ್ನೆ.
ಐಲಿಫ್ ಹನ್ನೊಂದಕ್ಕೆ ಉತ್ತರ ತುಂಬಿ
ಉಳಿದ ಮೂರರ ಮುಂದೆ ‘ನೋಡೋಣ’ ಎಂದು ಬರೆದು ತಂದಿದ್ದ.
ನೋಡೋಣ ಅನ್ನುವ ಬಣ್ಣ ನಮ್ಮಲ್ಲಿಲ್ಲ ಮಾರಾಯ,
ಹಸಿರು, ಹಳದಿ, ಕೆಂಪು, ಕಪ್ಪು,
ಇಷ್ಟರಲ್ಲೇ ಒಂದಕ್ಕೆ ಗುರುತು ಹಾಕು, ಅಂದೆ.

ಟ್ರೋಮ್ಸೊದಲ್ಲಿ ಸೂರ್ಯ ಹೋಗಿ ನಾಲ್ಕು ದಿನವಾಗಿತ್ತು,
ಬರುವುದು ಇನ್ನು ಜನವರಿಗೆ.
ಅವನ ಟೋಪಿಯ ಹಿಮ ಕರಗಿ
ನನ್ನ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಏನಿಡುತ್ತೀ ಇದರಲ್ಲಿ?
ನಿದ್ದೆ, ಅಂದ.
ಮೀನು ಕಾರ್ಖಾನೆಯ ರಾತ್ರಿಪಾಳಿಯವರು
ಹಗಲು ಮಲಗಿ ಕನವರಿಸುವ ಮಾತು.
ನಲವತ್ತೆರಡು ಜನ, ತಲಾ ಹದಿನೈದು ನಿದ್ದೆ,
ದಿಂಬಿನ ಪಕ್ಕ ಒಂದು ಪುಟ್ಟ ಮೈಕು.
ಹೆಸರಿರುವುದಿಲ್ಲ, ಬರೀ ಅಂಕಿ.
ಹಸಿರು ಸಾಕಲ್ಲ?

ಸಾಲದು.
ಅವರ ದ್ವೀಪದಲ್ಲಿರುವುದು ಇನ್ನೂರು ಮನೆ,
ಕೆಮ್ಮಿನಲ್ಲೇ ಗುರುತು ಹಿಡಿಯುತ್ತಾರೆ.
ಎಚ್ಚರದ ಮಾತಿಗೆ ಆಡಿದವರೇ ಕಾವಲು,
ಕನವರಿಕೆಗೆ ಯಾರು?
ಒಬ್ಬಳು ಪೋಲಿಷಿನಲ್ಲಿ ಸಾಲದ ಲೆಕ್ಕ ಹಾಕಬಹುದು,
ಒಬ್ಬ ತಮಿಳಿನಲ್ಲಿ ಅಳಬಹುದು,
ಇನ್ನೊಬ್ಬಳು ಗಂಡನದಲ್ಲದ ಒಂದು ಹೆಸರು
ಮೆಲ್ಲಗೆ, ಎರಡು ಸಲ.

ಮನಸ್ಸಿಲ್ಲದೆ ಕಪ್ಪಿಗೆ ಗುರುತು ಹಾಕಿದ.
ಕಪ್ಪೆಂದರೆ ಎರಡು ಬೀಗ.
ಮನೆಯಿಂದ ತೆರೆಯುವಂತಿಲ್ಲ,
ಪೆನ್‌ಡ್ರೈವಿಗೆ ಇಳಿಸುವಂತಿಲ್ಲ,
ಕಾಫಿಗೆಂದು ಎದ್ದರೆ ಪರದೆ ತಾನೇ ಕಣ್ಣು ಮುಚ್ಚುತ್ತದೆ.
ಹದಿನಾಲ್ಕನೆಯ ಪ್ರಶ್ನೆ: ಎಲ್ಲವನ್ನೂ ಅಳಿಸುವುದು ಎಂದು?
ಅವನ ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು.
ಹುಟ್ಟುವ ಮೊದಲೇ ತಿಥಿ ಗೊತ್ತುಮಾಡಿದ ಹಾಗಾಯಿತಲ್ಲ, ಅಂದ.

ಎಂಟು ಟೆರಾಬೈಟ್ ಕೊಟ್ಟೆ.
ಮಾತನ್ನು ಹೊಟ್ಟೆಯಲ್ಲಿಟ್ಟುಕೋ ಎನ್ನುತ್ತಾರೆ.
ನನ್ನ ನೆಲಮಾಳಿಗೆಯ ಯಂತ್ರಗಳಿಗೆ ಬರೀ ಹೊಟ್ಟೆ, ಬಾಯಿಲ್ಲ.
ನನಗೆ ಕಾಣುವುದು ತೂಕ, ತಾರೀಖು, ಯಾರು ಬಂದರು, ಯಾರು ಹೋದರು.
ಚೀಲ ಹೊತ್ತ ಅಂಚೆಯವಳಿಗೆ
ಕಾಗದ ಗೊತ್ತಿರುತ್ತದೆಯೆ, ಭಾರ ಗೊತ್ತಿರುತ್ತದೆ.

ಹದಿನೈದು ತಿಂಗಳ ಮೇಲೆ, ಮಾರ್ಚಿನಲ್ಲಿ,
ಎರಡು ಸಾಲಿನ ಮಿಂಚಂಚೆ:
ನಾನು ಮೂವತ್ತೊಂದು.
ನನ್ನ ನಿದ್ದೆ ನನಗೆ ವಾಪಸು ಬೇಕು.

ಕಾರಣ ಕೇಳುವಂತಿಲ್ಲ, ಒಪ್ಪಿಗೆ ಪತ್ರದ ಒಂಬತ್ತನೆಯ ಕಲಮು.
ಐಲಿಫ್ ಕೇಳಿದ, ನನ್ನನ್ನು.
ಮೂರನೆಯ ಅಧ್ಯಾಯ ನಿಂತಿರುವುದೇ ಅವಳ ಮೇಲೆ, ಟೊರುನ್,
ಬೇರೆಯವರು ತೊದಲುತ್ತಾರೆ,
ಅವಳು ಪೂರಾ ವಾಕ್ಯ ಆಡುತ್ತಾಳೆ.
ಏನು ಆಡುತ್ತಾಳೆ ಎಂದು ಹೇಳಲು ಬಾಯಿ ತೆರೆದ.
ಕೈ ಅಡ್ಡ ಹಿಡಿದೆ.

ಅವನನ್ನು ಕಡತದ ಮುಂದೆ ಕೂರಿಸಿ
ಕಾಫಿ ತರುತ್ತೇನೆಂದು ಎದ್ದುಹೋದೆ.
ಬೇಕೆಂದೇ ನಿಧಾನವಾಗಿ ಬಂದೆ.
ಕೊನೆಯ ಸಲ ಕೇಳಿಕೊಳ್ಳಲಿ, ಪಾಪ, ಎಂದುಕೊಂಡೆನೆ?
ಎಂದುಕೊಂಡಿದ್ದರೆ ಅದು ನನ್ನ ತಪ್ಪು,
ಅದಕ್ಕೆ ಅರ್ಜಿಯಲ್ಲಿ ಬಣ್ಣವಿಲ್ಲ.

ಸಂಜೆ ದಾಖಲೆ ಓದಿದೆ. ಓದುವುದು ನನ್ನ ಕೆಲಸ.
ತೆರೆದದ್ದು: ಇಲ್ಲ.
ಅಳಿಸಿದ್ದು: ಎರಡು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ.
ಅಂದರೆ ಆರು ನಿಮಿಷ
ಸುಮ್ಮನೆ ಕೂತಿದ್ದ.

ಅಳಿಸಿದ ಮಾತ್ರಕ್ಕೆ ಅಳಿಯುವುದಿಲ್ಲ.
ಕೊಲ್ಲಿಯಾಚೆಯ ಗುಡ್ಡದ ಕೆಳಗೆ ಪ್ರತಿಗಳಿವೆ,
ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಇರಲಿ ಎಂದು
ನಾವೇ ಇಟ್ಟವು. ಅವಕ್ಕೆ ತೊಂಬತ್ತು ದಿನ ಆಯಸ್ಸು,
ನಡುವೆ ಕೈ ಹಾಕಲಾಗದು.
ಇದನ್ನು ಅವಳಿಗೆ ಬರೆಯಬೇಕಾಯಿತು.
ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಐದನೆಯದು:
ನಿಮ್ಮ ನಿದ್ದೆ ನಮ್ಮಲ್ಲಿಲ್ಲ,
ಆದರೆ ಇನ್ನೂ ಇದೆ.

ಅವಳು ಕೇಳಿದ್ದು ಒಂದೇ,
ಹೋದ ದಿನ ಯಾರಾದರೂ ಹೇಳುತ್ತೀರಾ?

ಅಂಥ ಪದ್ಧತಿ ನಮ್ಮಲ್ಲಿಲ್ಲ.
ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಲ್ಲಿನ ವೈದ್ಯರ ದಿನದ ಕೆಳಗೆ,
ಪೆನ್ಸಿಲಿನಲ್ಲಿ ‘೩೧’ ಎಂದು ಬರೆದುಕೊಂಡೆ.
ಏನಿದು ಮೂವತ್ತೊಂದು, ಜೂನ್‌ಗೆ ಮೂವತ್ತೇ ಅಲ್ಲವೆ,
ಮಗ ನಕ್ಕ.

ಹನ್ನೆರಡನೆಯ ತಾರೀಖು.
ಸೂರ್ಯ ಮುಳುಗುವುದನ್ನೇ ಮರೆತ ಕಾಲ.
ನಡುರಾತ್ರಿ ದಾಟಿ ಐದು ನಿಮಿಷಕ್ಕೆ ಯಂತ್ರ ತಾನಾಗಿ ಎದ್ದು
ಕೆಲಸ ಮುಗಿಸಿ ಒಂದು ಸಾಲು ಬರೆದಿತ್ತು.
ಬೆಳಿಗ್ಗೆ ಬಂದವಳೇ, ಕೋಟು ಬಿಚ್ಚುವ ಮೊದಲು,
ಅವಳಿಗೆ ಬರೆದೆ: ಹೋಯಿತು.

ಉತ್ತರ ಬರಲಿಲ್ಲ.
ಗಂಟೆ ಒಂಬತ್ತು,
ಮಲಗಿರಬೇಕು.